ಕೈಕಾಗದದ ಕಾರ್ಡಿನ ಮೇಲೆ ಸೂಜಿ ಕಸೂತಿ

ಕೈಯಿಂದ ತಯಾರಿಸಿದ ದಪ್ಪ ಕಾಗದಕ್ಕೆ ಮೊದಲೇ ತೂತು ಚುಚ್ಚಿಕೊಂಡು, ಆ ತೂತುಗಳಲ್ಲಿ ಬಣ್ಣದ ದಾರ ಹಾಯಿಸಿ ಚಿತ್ತಾರ ಮೂಡಿಸುವ ಕರಕುಶಲ ಕಲೆ. ಶುಭಾಶಯ ಪತ್ರ, ಲಗ್ನಪತ್ರಿಕೆ, ಪುಸ್ತಕದ ಗುರುತುಪಟ್ಟಿ, ಉಡುಗೊರೆಗೆ ಕಟ್ಟುವ ಚೀಟಿಗಳಲ್ಲಿ ಇದರ ಬಳಕೆ ಹೆಚ್ಚು. ಹೊಲಿಗೆಗಳು ಬಹುಮಟ್ಟಿಗೆ ಬಟ್ಟೆಯ ಕಸೂತಿಯವೇ. ಬದಲಾಗುವುದು ಕೆಲಸದ ಕ್ರಮ. ಬಟ್ಟೆಯಲ್ಲಿ ಸೂಜಿ ಹೋದಲ್ಲಿ ತೂತು ಬೀಳುತ್ತದೆ, ಕಾಗದದಲ್ಲಿ ತೂತು ಇದ್ದಲ್ಲಿಗಷ್ಟೇ ಸೂಜಿ ಹೋಗುತ್ತದೆ. ಈ ಕಲೆಯ ಕಷ್ಟವೂ ಸೊಗಸೂ ಹುಟ್ಟುವುದು ಈ ಒಂದು ವ್ಯತ್ಯಾಸದಿಂದ.

ನೇಯ್ದ ಬಟ್ಟೆಯೊಳಗೆ ಸೂಜಿ ಹೊಕ್ಕಾಗ ಹಾಸು ಹೊಕ್ಕುಗಳ ಎಳೆಗಳು ಪಕ್ಕಕ್ಕೆ ಸರಿದು ದಾರಿ ಬಿಡುತ್ತವೆ, ಸೂಜಿ ಹೊರಬಂದ ಮೇಲೆ ಮತ್ತೆ ಕೂಡಿಕೊಳ್ಳುತ್ತವೆ. ತಪ್ಪಿದ ಹೊಲಿಗೆಯನ್ನು ಬಿಚ್ಚಿ, ಉಗುರಿನಿಂದ ತೀಡಿದರೆ ಗುರುತೂ ಉಳಿಯುವುದಿಲ್ಲ. ಕಾಗದದಲ್ಲಿ ಸರಿಯುವ ಎಳೆಗಳಿಲ್ಲ. ಅಲ್ಲಿರುವುದು ಒಂದರ ಮೇಲೊಂದು ಅಡ್ಡಾದಿಡ್ಡಿಯಾಗಿ ಬಿದ್ದು ಅಂಟಿಕೊಂಡ ನಾರುಗಳು. ಸೂಜಿ ಅವನ್ನು ಹರಿದೇ ಮುಂದೆ ಹೋಗಬೇಕು. ಒಮ್ಮೆ ಬಿದ್ದ ತೂತು ಕೊನೆಯವರೆಗೂ ತೂತೇ. ತೂತುಗಳು ತೀರ ಹತ್ತಿರವಾದರೆ ಹಾಳೆ ಅಂಚೆಚೀಟಿಯ ಅಂಚಿನ ಹಾಗೆ ಆ ಗೆರೆಗುಂಟ ಹರಿದು ಬರುತ್ತದೆ. ಹೀಗಾಗಿ ಚಿತ್ರದ ಯೋಚನೆಯೆಲ್ಲ ದಾರ ಕೈಗೆತ್ತಿಕೊಳ್ಳುವ ಮೊದಲೇ ಮುಗಿದಿರಬೇಕಾಗುತ್ತದೆ.

ಹಿನ್ನೆಲೆ

ಕಸೂತಿಗಾರರಿಗೆ ಕಾಗದ ಚುಚ್ಚುವುದು ಹೊಸದಲ್ಲ. ನಮ್ಮಲ್ಲಿ ಜರ್ದೋಸಿ ಕೆಲಸ ಮಾಡುವವರು ಇಂದಿಗೂ ಮೊದಲು ಟ್ರೇಸಿಂಗ್ ಹಾಳೆಯ ಮೇಲೆ ವಿನ್ಯಾಸ ಬರೆದು, ಗೆರೆಯುದ್ದಕ್ಕೂ ಸೂಜಿಯಿಂದ ಚುಚ್ಚಿ, ಬಟ್ಟೆಯ ಮೇಲೆ ಹರಡುತ್ತಾರೆ. ಆಮೇಲೆ ಸೀಮೆಎಣ್ಣೆಯಲ್ಲಿ ಕಲಸಿದ ಬಣ್ಣದ ಪುಡಿಯನ್ನು ಒರೆಸಿದರೆ ಚುಕ್ಕಿಗಳ ಸಾಲು ಬಟ್ಟೆಗೆ ಇಳಿಯುತ್ತದೆ. ಈ ಚುಚ್ಚು ಹಾಳೆಗೆ ಖಾಕಾ ಎಂದು ಹೆಸರು. ಅಲ್ಲಿ ಕಾಗದ ಬರಿಯ ಸಾಧನ, ಕೆಲಸ ಮುಗಿದ ಮೇಲೆ ಅದನ್ನು ಸುರುಳಿ ಸುತ್ತಿ ಎತ್ತಿಡುತ್ತಾರೆ. ಆ ಹಾಳೆಯನ್ನೇ ಕಸೂತಿಯ ನೆಲವಾಗಿಸಿದ್ದು ಬೇರೆ ಬೇರೆ ಕಾಲದಲ್ಲಿ, ಒಂದಕ್ಕೊಂದು ನೇರ ಸಂಬಂಧವಿಲ್ಲದ ಹಲವು ಕಡೆ.

17 ಮತ್ತು 18ನೇ ಶತಮಾನಗಳ ಯುರೋಪಿನ ಕ್ರೈಸ್ತ ಸನ್ಯಾಸಿನಿಯರ ಮಠಗಳಲ್ಲಿ ಸಂತರ ಚಿತ್ರವಿರುವ ಪುಟ್ಟ ಕಾಗದಗಳನ್ನು ಕತ್ತರಿಸಿ, ಚುಚ್ಚಿ, ರೇಷ್ಮೆ ದಾರದಿಂದ ಸಿಂಗರಿಸುತ್ತಿದ್ದರು. ಪ್ರಾರ್ಥನಾ ಪುಸ್ತಕದೊಳಗೆ ಇಟ್ಟುಕೊಳ್ಳುವಷ್ಟು ಚಿಕ್ಕ ಚಿತ್ರಗಳು ಅವು. ಕೆನಡಾದ ಕ್ಯುಬೆಕ್‌ನಲ್ಲಿ ಉರ್ಸುಲಿನ್ ಪಂಥದ ಸನ್ಯಾಸಿನಿಯರು ಅಲ್ಲಿನ ಮೂಲನಿವಾಸಿಗಳಿಗೆ ಚಿರಪರಿಚಿತವಾದ ಬರ್ಚ್ ಮರದ ತೊಗಟೆಯನ್ನೂ ಮೂಸ್ ಎಂಬ ದೊಡ್ಡ ಜಿಂಕೆಯ ಕೂದಲನ್ನೂ ಬಳಸಿ ಹೂಬಳ್ಳಿಗಳ ಕಸೂತಿ ಮಾಡಿದರು. ತೊಗಟೆಗೂ ಕಾಗದಕ್ಕೂ ಸೂಜಿಯ ಮಟ್ಟಿಗೆ ಒಂದೇ ಗುಣ: ತೂತು ಮುಚ್ಚುವುದಿಲ್ಲ. ಮುಂದೆ ಹ್ಯುರಾನ್-ವೆಂಡಾಟ್ ಜನಾಂಗದ ಹೆಂಗಸರು ಈ ಕೆಲಸವನ್ನು ತಮ್ಮ ಜೀವನೋಪಾಯವಾಗಿ ಬೆಳೆಸಿಕೊಂಡರು.

19ನೇ ಶತಮಾನದಲ್ಲಿ ಯಂತ್ರ ಈ ಕೆಲಸವನ್ನು ಸುಲಭ ಮಾಡಿತು. ಸಾಲುಸಾಲಾಗಿ ಸಮ ಅಂತರದ ತೂತುಗಳನ್ನು ಹೊಡೆದ ರಟ್ಟು ಯುರೋಪು, ಅಮೆರಿಕಗಳ ಅಂಗಡಿಗಳಿಗೆ ಬಂತು. ಹಿತವಚನ, ಬೈಬಲ್ಲಿನ ಗುರುತುಪಟ್ಟಿ, ಹೂಗುಚ್ಛಗಳನ್ನು ಉಣ್ಣೆ ಇಲ್ಲವೆ ರೇಷ್ಮೆಯಿಂದ ಅದರ ಮೇಲೆ ಹೊಲಿದು, ಚೌಕಟ್ಟು ಹಾಕಿ ಗೋಡೆಗೆ ನೇತುಹಾಕುವುದು ವಿಕ್ಟೋರಿಯಾ ರಾಣಿಯ ಕಾಲದ ಮನೆಗಳಲ್ಲಿ ವಾಡಿಕೆಯಾಯಿತು. ಅಂಗುಲಕ್ಕೆ 14 ತೂತುಗಳಿರುವ ಇಂಥ ಕಾಗದ ಕ್ರಾಸ್ ಸ್ಟಿಚ್ ಮಾಡುವವರಿಗಾಗಿ ಈಗಲೂ ಮಾರಾಟವಾಗುತ್ತದೆ. ಚುಚ್ಚುವ ಶ್ರಮ ತಪ್ಪಿತು, ನಿಜ. ಆದರೆ ಚೌಕದ ಆಚೆಗೆ ಗೆರೆ ಹೊರಳುವ ಸ್ವಾತಂತ್ರ್ಯವೂ ಹೋಯಿತು. ಆ ಕಾಲದ ಗೋಡೆಪಟಗಳಲ್ಲಿ ಒಂದರಂತೆ ಇನ್ನೊಂದು ಕಾಣಲು ಇದೇ ಕಾರಣ.

ಇದೇ ಹೊತ್ತಿಗೆ ಕಾರ್ಡು ಹೊಲಿಯುವ ಕೆಲಸ ಮಕ್ಕಳ ಕಲಿಕೆಯೊಳಕ್ಕೂ ಬಂತು. ಜರ್ಮನಿಯ ಶಿಕ್ಷಣತಜ್ಞ ಫ್ರೆಡ್ರಿಕ್ ಫ್ರೋಬೆಲ್ (1782–1852) ತಾನು ರೂಪಿಸಿದ ಕಿಂಡರ್‌ಗಾರ್ಟನ್‌ನ ಕೈಚಟುವಟಿಕೆಗಳಲ್ಲಿ ಕಾಗದ ಚುಚ್ಚುವುದನ್ನೂ ಚುಚ್ಚಿದ ಕಾರ್ಡನ್ನು ಹೊಲಿಯುವುದನ್ನೂ ಸೇರಿಸಿದ. ಇಂದು ಶಿಶುವಿಹಾರಗಳಲ್ಲಿ ಮಕ್ಕಳು ಬೂಟಿನ ಲೇಸನ್ನು ತೂರಿಸುವ ಆನೆ, ಮೀನುಗಳ ರಟ್ಟುಗಳು ಆ ಪರಂಪರೆಯವು.

ಈ ಇತಿಹಾಸದಲ್ಲಿ ಎಲ್ಲರಿಗಿಂತ ಹೆಚ್ಚು ನೆನೆಯಬೇಕಾದವಳು ಮೇರಿ ಎವರೆಸ್ಟ್ ಬೂಲ್ (1832–1916). ಭಾರತದ ಮಹಾ ತ್ರಿಕೋನಮಿತಿ ಸರ್ವೇಕ್ಷಣೆಯನ್ನು ನಡೆಸಿದ, ಎವರೆಸ್ಟ್ ಶಿಖರಕ್ಕೆ ಯಾರ ಹೆಸರಿದೆಯೋ ಆ ಜಾರ್ಜ್ ಎವರೆಸ್ಟ್‌ನ ಸಹೋದರನ ಮಗಳು ಈಕೆ. ತರ್ಕಶಾಸ್ತ್ರಕ್ಕೆ ಬೀಜಗಣಿತದ ರೂಪ ಕೊಟ್ಟ ಜಾರ್ಜ್ ಬೂಲ್‌ನ ಹೆಂಡತಿ. ಈಕೆಯ ಬಾಲ್ಯದಲ್ಲಿ ಸೂಜಿಪುಸ್ತಕ ಮಾಡಿಕೊಳ್ಳಲೆಂದು ಅಂಚಿಗೆ ತೂತುಗಳಿರುವ ಕಾರ್ಡುಗಳನ್ನು ಜೋಡಿಯಾಗಿ ಮಾರುತ್ತಿದ್ದರು. ನಡುವಿನ ಖಾಲಿ ಜಾಗದಲ್ಲಿ ಚಿತ್ರ ಬಿಡಿಸಿಕೊಳ್ಳಬೇಕಿತ್ತು. ಚಿತ್ರಕಲೆ ಬಾರದ ಹುಡುಗಿ ರೇಷ್ಮೆ ದಾರವನ್ನು ಒಂದು ಅಂಚಿನ ತೂತಿನಿಂದ ಎದುರಿನ ತೂತಿಗೆ ಎಳೆದು ಜಾಗ ತುಂಬಿಸುತ್ತಿದ್ದಳು. ಅದೂ ಬೇಸರವಾದಾಗ ಸರಿಯಾಗಿ ಎದುರಿಗಿರುವ ತೂತನ್ನು ಬಿಟ್ಟು ಅದರ ಪಕ್ಕದ್ದಕ್ಕೆ ಎಳೆಯತೊಡಗಿದಳು. ಆಗ ನಡುವೆ ಉಳಿದ ಬಯಲಿನ ಸುತ್ತ, ಯಾರೂ ಬರೆಯದ ಒಂದು ವಕ್ರರೇಖೆ ತಾನಾಗಿ ಮೂಡಿತ್ತು! ದಾರಗಳೆಲ್ಲ ನೇರ, ಮೂಡಿದ್ದು ಮಾತ್ರ ಬಾಗಿದ ಗೆರೆ. ಈ ಸಂತೋಷವನ್ನು ಆಕೆ ಮುದಿವಯಸ್ಸಿನವರೆಗೂ ಮರೆಯಲಿಲ್ಲ. 1904ರಲ್ಲಿ ಪ್ರಕಟಿಸಿದ, ಮಗುವನ್ನು ವಿಜ್ಞಾನಕ್ಕೆ ಸಜ್ಜುಗೊಳಿಸುವ ಬಗೆಗಿನ ಪುಸ್ತಕದಲ್ಲಿ ಇದನ್ನು ವಿವರಿಸಿ, ಗಣಿತ ಕಲಿಸಲು ಇಂಥ ಹೊಲಿಗೆ ಕಾರ್ಡುಗಳನ್ನು ಬಳಸಬೇಕೆಂದು ವಾದಿಸಿದಳು. ಮಗುವಿನ ಕೈ ಮೊದಲು ಆಕಾರವನ್ನು ಅರಿಯಲಿ, ಹೆಸರು ಮತ್ತು ಸೂತ್ರ ಆಮೇಲೆ ಬರಲಿ ಎಂಬುದು ಆಕೆಯ ನಿಲುವು. ಭಾರತೀಯ ಚಿಂತನೆ ಮತ್ತು ಪಾಶ್ಚಾತ್ಯ ವಿಜ್ಞಾನಗಳ ಸಂಬಂಧದ ಬಗ್ಗೆ ಜಗದೀಶಚಂದ್ರ ಬೋಸರಿಗೆ ಬಹಿರಂಗ ಪತ್ರ ಬರೆದವಳೂ ಇದೇ ಮೇರಿ ಬೂಲ್.

ಆಕೆಯ ಕಾರ್ಡನ್ನು ಯಾರು ಬೇಕಾದರೂ ಮಾಡಿ ನೋಡಬಹುದು. ಕಾಗದದ ಮೇಲೆ ಮೂಲೆಗೋಲಿನ ಆಕಾರದಲ್ಲಿ ಎರಡು ಗೆರೆ ಎಳೆದು, ಸೇರುವ ಮೂಲೆಯನ್ನು ಬಿಟ್ಟು, ಒಂದೊಂದರ ಮೇಲೂ ಸಮ ಅಂತರದಲ್ಲಿ 10 ತೂತು ಚುಚ್ಚಬೇಕು. ನಿಂತ ಗೆರೆಯ ತೂತುಗಳಿಗೆ ಮೇಲಿನಿಂದ ಕೆಳಕ್ಕೆ, ಮಲಗಿದ ಗೆರೆಯ ತೂತುಗಳಿಗೆ ಮೂಲೆಯಿಂದ ಹೊರಕ್ಕೆ 1ರಿಂದ 10ರವರೆಗೆ ಅಂಕಿ ಕೊಡಬೇಕು. ನಿಂತ ಗೆರೆಯ 1ರಲ್ಲಿ ಸೂಜಿಯನ್ನು ಹಿಂದಿನಿಂದ ಮೇಲಕ್ಕೆ ತಂದು ಮಲಗಿದ ಗೆರೆಯ 1ರಲ್ಲಿ ಇಳಿಸಿ, ಹಿಂಬದಿಯಲ್ಲೇ ಪಕ್ಕದ 2ಕ್ಕೆ ಹೋಗಿ ಮೇಲೆ ಬಂದು, ನಿಂತ ಗೆರೆಯ 2ರಲ್ಲಿ ಇಳಿಯಬೇಕು. ಹೀಗೆ 10ರವರೆಗೆ ಹೋದರೆ ಮುಂಬದಿಯಲ್ಲಿ ಪ್ಯಾರಾಬೋಲ ಮೂಡಿರುತ್ತದೆ. ಹಿಂಬದಿಯಲ್ಲಿ ಅಂಚಿನುದ್ದಕ್ಕೂ ಒಂದೊಂದು ತೂತಿನಷ್ಟು ಅಗಲದ ಪುಟ್ಟ ಹೊಲಿಗೆಗಳು ಮಾತ್ರ. ವೃತ್ತದ ಸುತ್ತ 36 ತೂತು ಮಾಡಿ ಪ್ರತಿಯೊಂದನ್ನೂ ಅದರ ಎರಡರಷ್ಟು ಅಂಕಿಯ ತೂತಿಗೆ ಜೋಡಿಸುತ್ತ, 36 ದಾಟಿದ ಮೇಲೆ ಮತ್ತೆ 1ರಿಂದ ಎಣಿಸಿದರೆ, ಹೃದಯದಾಕಾರದ ಕಾರ್ಡಿಯಾಯ್ಡ್ ಸಿಗುತ್ತದೆ. ಶುಭಾಶಯ ಪತ್ರದ ಮೇಲೆ ಇಂದು ಕಾಣುವ ನಕ್ಷತ್ರ, ಗರಿ, ಹೂದಾನಿಗಳ ಎಳೆವಿನ್ಯಾಸಗಳಲ್ಲಿ ಬಹುಪಾಲು ಈ ಎರಡರ ಮಾರ್ಪಾಡುಗಳೇ.

ಮೊದಲ ಮಹಾಯುದ್ಧದ (1914–18) ರೇಷ್ಮೆ ಕಾರ್ಡುಗಳನ್ನು ಇಲ್ಲಿ ಹೇಳದೆ ಬಿಡುವಂತಿಲ್ಲ. ಫ್ರಾನ್ಸಿನಲ್ಲಿದ್ದ ಸೈನಿಕರು ತಾಯಿ, ಹೆಂಡತಿ, ಗೆಳತಿಯರಿಗೆ ಕಳಿಸುತ್ತಿದ್ದ ಈ ಕಾರ್ಡುಗಳಲ್ಲಿ ಹೂವು, ಮಿತ್ರರಾಷ್ಟ್ರಗಳ ಬಾವುಟ, ಪಡೆಗಳ ಲಾಂಛನಗಳು ಮೈದುಂಬಿ ನಿಂತಿವೆ. ಕೆಲವುಗಳಲ್ಲಿ ಲಕೋಟೆಯ ಹಾಗೆ ತೆರೆಯುವ ರೇಷ್ಮೆಯ ಕಿಸೆ, ಅದರೊಳಗೆ ಒಂದು ಚಿಕ್ಕ ಚೀಟಿ. ಇವುಗಳಲ್ಲಿ ದಾರ ಕೂತಿರುವುದು ತೆಳ್ಳನೆಯ ರೇಷ್ಮೆಯ ಜಾಲರಿಯ ಮೇಲೆ; ಕಾಗದ ಅದಕ್ಕೆ ಚೌಕಟ್ಟು ಮಾತ್ರ. ಮನೆಗಳಲ್ಲಿ ಹೆಂಗಸರು ಕೈಯಿಂದಲೇ ಹೊಲಿದದ್ದೆಂದು ಬಹುಕಾಲ ನಂಬಲಾಗಿತ್ತು. ಹಲವನ್ನು ಕೈಯಿಂದ ನಡೆಸುವ ಕಸೂತಿ ಯಂತ್ರಗಳ ಮೇಲೆ ತಯಾರಿಸಿದ್ದರೆಂಬ ವಾದ ಈಚೆಗೆ ಬಲವಾಗಿದೆ. ಕಾಗದದ ಕಸೂತಿಯ ವ್ಯಾಖ್ಯೆಗೆ ಅವು ಪೂರ್ತಿ ಒಗ್ಗದಿದ್ದರೂ, ದಾರವಿರುವ ಕಾರ್ಡು ಅಂಚೆಯಲ್ಲಿ ಬಂದರೆ ಜನ ಅದನ್ನು ಎಸೆಯದೆ ಜೋಪಾನ ಮಾಡುತ್ತಾರೆ ಎಂಬುದಕ್ಕೆ ಅವುಗಳಿಗಿಂತ ದೊಡ್ಡ ಸಾಕ್ಷಿ ಬೇಡ. ಇಪ್ಪತ್ತನೆಯ ಶತಮಾನದ ನಡುಭಾಗದಲ್ಲಿ ಸ್ಪೇನಿನಿಂದ ಬಂದ, ನರ್ತಕಿಯ ಚಿತ್ರಕ್ಕೆ ದಾರದ ಲಂಗ ತೊಡಿಸಿದ ಅಂಚೆಕಾರ್ಡುಗಳೂ ಸಂಗ್ರಾಹಕರಲ್ಲಿ ಪ್ರಸಿದ್ಧ. ಆ ಶತಮಾನದ ಕೊನೆಯ ಹೊತ್ತಿಗೆ ನೆದರ್ಲೆಂಡ್ಸ್‌ನಲ್ಲಿ ಕಾಗದದ ಕಸೂತಿ ಮನೆಮನೆಯ ಹವ್ಯಾಸವಾಗಿ, ಮಾದರಿ ಪುಸ್ತಕಗಳೂ ಚುಚ್ಚು ಅಚ್ಚುಗಳೂ ಅಲ್ಲಿಂದ ಹೊರನಾಡುಗಳಿಗೆ ಹರಡಿದವು.

ಕಲಾವಿದರೂ ಈ ದಾರಿಯಲ್ಲಿ ನಡೆದಿದ್ದಾರೆ. ಅಲಿಗಢದಲ್ಲಿ ಹುಟ್ಟಿ ಜಗತ್ತಿನ ಹಲವು ನಗರಗಳಲ್ಲಿ ಬಾಳಿದ ಜರೀನಾ (1937–2020) 1970ರ ದಶಕದಲ್ಲಿ ಬಿಳಿ ಕಾಗದವನ್ನು ಸೂಜಿಯಿಂದ ಚುಚ್ಚಿಯೇ ರೇಖಾಚಿತ್ರಗಳ ಮಾಲೆ ಮಾಡಿದರು. ಮಸಿಯಿಲ್ಲ, ಬಣ್ಣವಿಲ್ಲ, ಉಬ್ಬಿದ ತೂತುಗಳ ಮೇಲೆ ಬೀಳುವ ಬೆಳಕು ಮತ್ತು ನೆರಳು, ಅಷ್ಟೇ. ತೂತಿಗೆ ತನ್ನದೇ ಸೌಂದರ್ಯವಿದೆ ಎಂದು ತಿಳಿಯಬೇಕಾದವರು ಆ ಮಾಲೆಯನ್ನು ನೋಡಬೇಕು.

ಕೈಕಾಗದ

ಕಸೂತಿಗೆ ಕೈಕಾಗದ ಒಗ್ಗುವುದಕ್ಕೆ ಕಾರಣ ಅದರ ನಾರು. ಭಾರತದಲ್ಲಿ ಇದರ ಮುಖ್ಯ ಕಚ್ಚಾವಸ್ತು ಹತ್ತಿ ಬಟ್ಟೆಯ ಚೂರು, ಅದರಲ್ಲೂ ಬನಿಯನ್, ಟೀ ಶರ್ಟ್ ಹೊಲಿಯುವ ಕಾರ್ಖಾನೆಗಳಲ್ಲಿ ಕತ್ತರಿಸಿ ಉಳಿದ ತುಂಡುಗಳು. ಅವನ್ನು ಕೊಚ್ಚಿ, ಬೀಟರ್ ಯಂತ್ರದಲ್ಲಿ ನೀರಿನೊಂದಿಗೆ ಅರೆದು ತಿರುಳು ಮಾಡುತ್ತಾರೆ. ಜಾಲರಿಯ ಚೌಕಟ್ಟನ್ನು ತೊಟ್ಟಿಯೊಳಗೆ ಅದ್ದಿ ಎತ್ತಿದಾಗ ನೀರು ಸೋರಿ ಹಾಳೆ ಉಳಿಯುತ್ತದೆ. ಅದನ್ನು ಬಟ್ಟೆಯ ಮೇಲೆ ಮಗುಚಿ, ಒತ್ತಿ, ಒಣಗಿಸಿ, ಗಂಜಿ ಹಿಡಿಸಿ, ಸತುವಿನ ತಗಡುಗಳ ನಡುವೆ ಉರುಳೆಯಲ್ಲಿ ನಯ ಮಾಡುತ್ತಾರೆ. ಮರದ ತಿರುಳಿನ ನಾರಿಗಿಂತ ಹತ್ತಿಯ ನಾರು ಉದ್ದ. ಯಂತ್ರದ ಕಾಗದದಲ್ಲಿ ನಾರುಗಳು ಹೆಚ್ಚಾಗಿ ಒಂದೇ ದಿಕ್ಕಿಗೆ ಒರಗಿರುವುದರಿಂದ ಆ ದಿಕ್ಕಿನಲ್ಲಿ ಅದು ಸಲೀಸಾಗಿ ಹರಿಯುತ್ತದೆ. ಕೈಯಲ್ಲಿ ಎತ್ತಿದ ಹಾಳೆಯಲ್ಲಿ ನಾರುಗಳು ಎಲ್ಲ ದಿಕ್ಕಿಗೂ ಹೆಣೆದುಕೊಂಡಿರುತ್ತವೆ; ದಾರ ಎಳೆದಾಗ ತೂತಿನ ಬಾಯಿ ಸುಲಭವಾಗಿ ಸೀಳುವುದಿಲ್ಲ.

ಈ ಕಾಗದಕ್ಕೆ ಭಾರತದಲ್ಲಿ ದೊಡ್ಡ ಕಥೆಯೇ ಇದೆ. ಜೈಪುರದ ಬಳಿಯ ಸಾಂಗಾನೇರಿನ ಕಾಗ್ಜಿ ಸಮುದಾಯದವರು ಶತಮಾನಗಳಿಂದ ಇದೇ ಕಸುಬಿನವರು. ಗಿರಣಿಯ ಕಾಗದದ ಮುಂದೆ ಕಸುಬು ಕುಸಿಯುತ್ತಿದ್ದಾಗ ಗಾಂಧೀಜಿ 1934ರಲ್ಲಿ ಸ್ಥಾಪಿಸಿದ ಅಖಿಲ ಭಾರತ ಗ್ರಾಮೋದ್ಯೋಗ ಸಂಘ, ವಾರ್ಧಾದಲ್ಲಿ ಜೆ. ಸಿ. ಕುಮಾರಪ್ಪನವರ ಮುಂದಾಳತ್ವದಲ್ಲಿ, ಅದನ್ನು ಮತ್ತೆ ಎತ್ತಿ ನಿಲ್ಲಿಸಲು ದುಡಿಯಿತು. ಸಾಂಗಾನೇರಿನ ರಾಷ್ಟ್ರೀಯ ಕೈಕಾಗದ ಸಂಸ್ಥೆಗೆ ಕುಮಾರಪ್ಪನವರ ಹೆಸರೇ ಇದೆ. ಪುದುಚೇರಿಯ ಅರವಿಂದಾಶ್ರಮದ ಕಾಗದವೂ ಹೆಸರುವಾಸಿ.

ಕಾರ್ಡಿಗೆ ಚದರ ಮೀಟರಿಗೆ 200ರಿಂದ 300 ಗ್ರಾಂ ತೂಗುವ ಹಾಳೆ ಸರಿ. ಇದಕ್ಕಿಂತ ತೆಳುವಾದರೆ ದಾರದ ಬಿಗಿಗೆ ಹಾಳೆ ಮುದುರುತ್ತದೆ. ಬಹಳ ದಪ್ಪವಾದರೆ ಮಡಿಕೆಯಲ್ಲಿ ಬಿರುಕು ಬಿಡುತ್ತದೆ, ಸೂಜಿ ತಳ್ಳಿ ಬೆರಳು ನೋಯುತ್ತದೆ. ಚೆಂಡುಹೂವಿನ ಎಸಳು, ಹುಲ್ಲು, ಬಾಳೆನಾರು ಸೇರಿಸಿದ ಹಾಳೆಗಳು ಕಣ್ಣಿಗೆ ಚೆಂದ, ಕಸೂತಿಗೆ ತೊಡಕು. ಎಸಳಿನ ಮೇಲೆ ಬಿದ್ದ ತೂತು ಒಡೆದುಹೋಗುತ್ತದೆ, ಗೆರೆಯೂ ಅಲ್ಲಿ ಮಸುಕಾಗುತ್ತದೆ. ದಾರ ಮಾತಾಡಬೇಕಾದ ಕಡೆ ಸಾದಾ ಹಾಳೆಯೇ ಲೇಸು.

ಚುಚ್ಚುವುದು, ಹೊಲಿಯುವುದು

ಹಾಳೆಯನ್ನು ಮಡಿಸಿ, ಮಡಿಕೆಯನ್ನು ಚಮಚದ ಬೆನ್ನಿನಿಂದ ತೀಡಿ, ಮತ್ತೆ ಬಿಚ್ಚಿ ಹರಡಿಕೊಂಡು ಕೆಲಸ ಶುರುವಾಗುತ್ತದೆ. ವಿನ್ಯಾಸವನ್ನು ನೇರವಾಗಿ ಕಾರ್ಡಿನ ಮೇಲೆ ಬರೆಯಬಾರದು. ಕೈಕಾಗದದ ಮೇಲೆ ಪೆನ್ಸಿಲ್ ಗುರುತು ಅಳಿಸಿದರೆ ಮೇಲ್ಮೈಯ ನಾರು ಎದ್ದು ಬರುತ್ತದೆ. ತೆಳು ಹಾಳೆಯಲ್ಲಿ ಬರೆದು, ಕಾರ್ಡಿನ ಮೇಲೆ ಕ್ಲಿಪ್ ಹಾಕಿ, ಕೆಳಗೆ ಥರ್ಮಾಕೋಲ್ ಹಲಗೆಯನ್ನೋ ನಾಲ್ಕು ಮಡಿಕೆಯ ಕಂಬಳಿಯನ್ನೋ ಇಟ್ಟು ಚುಚ್ಚಬೇಕು. ಸೂಜಿ ನೆಟ್ಟಗೆ ಇಳಿಯಬೇಕು, ಓರೆಯಾದರೆ ಹಿಂಬದಿಯಲ್ಲಿ ತೂತು ಬೇರೆ ಕಡೆ ಬಾಯಿ ತೆರೆಯುತ್ತದೆ. ಚುಚ್ಚುವ ಸೂಜಿಯ ಬುಡಕ್ಕೆ ಬಾಟಲಿಯ ಬೂಚು ಸಿಕ್ಕಿಸಿಕೊಂಡರೆ ಹಿಡಿತ ಸಿಗುತ್ತದೆ. ತೂತುಗಳ ನಡುವೆ 2ರಿಂದ 3 ಮಿಲಿಮೀಟರ್ ಅಂತರವಿರಬೇಕು. ತಿರುವುಗಳಲ್ಲಿ ತುಸು ಹತ್ತಿರ, ನೇರ ಗೆರೆಯಲ್ಲಿ ತುಸು ದೂರ. ಚುಚ್ಚಿ ಮುಗಿದ ಮೇಲೆ ಕಾರ್ಡನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡುವುದು ರೂಢಿ: ಬಿಟ್ಟುಹೋದ ತೂತು ಆಗ ತಾನೇ ಕಾಣುತ್ತದೆ. ಹಿಂಬದಿಗೆ ಏಳುವ ಉಬ್ಬನ್ನು ಉಗುರಿನಿಂದ ಒತ್ತಿ ಸಮ ಮಾಡಬಾರದು, ತೂತು ಮುಚ್ಚಿಹೋಗುತ್ತದೆ.

ಕಸೂತಿ ದಾರದ ಲಡಿಯಲ್ಲಿ 6 ಎಳೆ ಇರುತ್ತವೆ. ಕಾರ್ಡಿಗೆ 1 ಅಥವಾ 2 ಎಳೆ ಸಾಕು. ಮೊಳದುದ್ದಕ್ಕಿಂತ ಹೆಚ್ಚು ದಾರ ಪೋಣಿಸಿದರೆ ತೂತಿನ ಒರಟು ಅಂಚಿಗೆ ಉಜ್ಜಿ ಜುಂಗು ಏಳುತ್ತದೆ. ಹೊಲಿಯುವ ಸೂಜಿ ಚುಚ್ಚಿದ ಸೂಜಿಗಿಂತ ದಪ್ಪವಿರಬಾರದು. ಗಂಟು ಹಾಕಿದರೆ ಕಾರ್ಡಿನ ಮುಂಬದಿಯಲ್ಲೂ ಉಬ್ಬು ಕಾಣುವುದರಿಂದ, ಬಾಲವನ್ನು ಹಿಂದಿನ ಹೊಲಿಗೆಗಳ ಕೆಳಗೆ ತೂರಿಸಿ ನಿಲ್ಲಿಸುವುದು ಒಳ್ಳೆಯದು. ದಾರವನ್ನು ಕಾಗದಕ್ಕೆ ಸಮಾನಾಂತರವಾಗಿ ಎಳೆದರೆ ತೂತು ಸೀಳುತ್ತದೆ, ಮೇಲಕ್ಕೆ ನೇರ ಎಳೆಯಬೇಕು.

ಬಟ್ಟೆಯ ಮೇಲೆ ಬರುವ ಹೊಲಿಗೆಗಳೆಲ್ಲ ಇಲ್ಲಿ ಬರುವುದಿಲ್ಲ. ರನ್ನಿಂಗ್, ಬ್ಯಾಕ್ ಸ್ಟಿಚ್, ಸ್ಟೆಮ್ ಸ್ಟಿಚ್ ಚೆನ್ನಾಗಿ ಕೂರುತ್ತವೆ. ಲೇಜಿ ಡೇಸಿಯ ಎಸಳು, ಉದ್ದ ದಾರವನ್ನು ಸಣ್ಣ ಹೊಲಿಗೆಗಳಿಂದ ಕಟ್ಟಿ ಕೂರಿಸುವ ಕೌಚಿಂಗ್ ಕೂಡ ಸೊಗಸು. ಫ್ರೆಂಚ್ ನಾಟ್ ಹಾಕುವಾಗ ಸೂಜಿ ಬಂದ ತೂತಿನಲ್ಲೇ ಇಳಿದರೆ ಗಂಟು ಹಿಂದಕ್ಕೆ ತೂರಿಹೋಗುತ್ತದೆ, ಪಕ್ಕದಲ್ಲಿ ಇನ್ನೊಂದು ತೂತು ಬೇಕು. ಸ್ಯಾಟಿನ್ ಸ್ಟಿಚ್ ಕಾಗದದ ಶತ್ರು: ಜಾಗ ತುಂಬಲು ತೂತಿಗೆ ತೂತು ತಾಗಿಸಬೇಕಾಗಿ ಎಸಳಿಗೆ ಎಸಳೇ ಕಳಚಿ ಬೀಳುತ್ತದೆ. ಬಣ್ಣ ತುಂಬಬೇಕಾದ ಕಡೆ ಜಲವರ್ಣ ತೆಳುವಾಗಿ ಹಚ್ಚಿ, ಒಣಗಿದ ಮೇಲೆ ಗೆರೆಯನ್ನಷ್ಟೇ ಹೊಲಿಯುವುದು ಬಲ್ಲವರ ಕ್ರಮ. ಖಾಲಿ ಬಿಟ್ಟ ಕಾಗದವೂ ಚಿತ್ರದ ಭಾಗ ಎಂಬುದನ್ನು ಹೊಸಬರು ಕಲಿಯಲು ಹೊತ್ತು ಹಿಡಿಯುತ್ತದೆ. ಕಲಿತವರ ಕಾರ್ಡು ನೋಡಿದೊಡನೆ ಗೊತ್ತಾಗುತ್ತದೆ.

ಧಾರವಾಡ ಕಸೂತಿ ಮತ್ತು ಕಾರ್ಡು

ಉತ್ತರ ಕರ್ನಾಟಕದ ಕಸೂತಿಯಲ್ಲಿ ಗವಂತಿ, ಮುರ್ಗಿ, ನೇಯ್ಗಿ, ಮೆಂತಿ ಎಂದು ನಾಲ್ಕು ಹೊಲಿಗೆಗಳು. ಇಳಕಲ್ ಸೀರೆಯ ಸೆರಗು, ಕುಪ್ಪಸದ ಖಣಗಳ ಮೇಲೆ ಗೋಪುರ, ರಥ, ಅಂಬಾರಿ, ತುಳಸಿಕಟ್ಟೆ, ನವಿಲುಗಳನ್ನು ಯಾವ ಗೆರೆಯನ್ನೂ ಬರೆದುಕೊಳ್ಳದೆ, ಬಟ್ಟೆಯ ಎಳೆ ಎಣಿಸಿಯೇ ಮೂಡಿಸುವುದು ಇದರ ಹೆಗ್ಗಳಿಕೆ. ಕಾಗದದಲ್ಲಿ ಎಣಿಸಲು ಎಳೆಗಳಿಲ್ಲ. ಆ ಕೊರತೆಯನ್ನು ಗ್ರಾಫ್ ಹಾಳೆ ತುಂಬಿಕೊಡುತ್ತದೆ: ಕಾರ್ಡಿನ ಮೇಲೆ ಅದನ್ನಿಟ್ಟು, ವಿನ್ಯಾಸದ ಬಿಂದುಗಳನ್ನು ಮಾತ್ರ ಚುಚ್ಚಿದರೆ ಎಣಿಕೆ ಕಾಗದಕ್ಕೆ ಇಳಿದಂತಾಯಿತು.

ಕಾಗದಕ್ಕೆ ಇಷ್ಟು ಹೊಂದುವ ಹೊಲಿಗೆ ಗವಂತಿಯಂತೆ ಮತ್ತೊಂದಿಲ್ಲ. ಹೋಗುವಾಗ ಒಂದು ಬಿಟ್ಟು ಒಂದು ಹೊಲಿಯುತ್ತ ಹೋಗಿ, ಬರುವಾಗ ಬಿಟ್ಟ ಜಾಗಗಳನ್ನು ತುಂಬುತ್ತ ಹೊರಟಲ್ಲಿಗೇ ಬರುವುದು ಇದರ ಕ್ರಮ. ಪ್ರತಿ ಗೆರೆಯ ಮೇಲೂ ದಾರ ಎರಡು ಸಲ ಸಾಗುತ್ತದೆ, ಒಮ್ಮೆ ಮೇಲೆ, ಒಮ್ಮೆ ಕೆಳಗೆ. ಹಾಗಾಗಿ ಎರಡೂ ಬದಿಯಲ್ಲಿ ಒಂದೇ ಚಿತ್ರ, ಗಂಟಿನ ಹಂಗಿಲ್ಲ. ಬೇರೆ ಕಾರ್ಡುಗಳಲ್ಲಿ ಹಿಂಬದಿಯ ದಾರಗಳನ್ನು ಮುಚ್ಚಲು ಇನ್ನೊಂದು ಹಾಳೆ ಅಂಟಿಸಬೇಕು. ಗವಂತಿಯ ಕಾರ್ಡನ್ನು ತೆರೆದರೆ ಒಳಗೂ ಅದೇ ತುಳಸಿಕಟ್ಟೆ ಕಾಣುತ್ತದೆ. ಮೇರಿ ಬೂಲ್ ಮಕ್ಕಳ ಕೈಗೆ ಕೊಡಬಯಸಿದ ರೇಖಾಗಣಿತವನ್ನು ಧಾರವಾಡ ಸೀಮೆಯ ಹೆಂಗಸರು ಸೆರಗಿನ ಮೇಲೆ ಬಹಳ ಕಾಲದಿಂದ ನಡೆಸಿಕೊಂಡು ಬಂದಿದ್ದಾರೆ.

ಅಳತೆಯ ಲೆಕ್ಕ ಮಾತ್ರ ಮರೆಯಬಾರದು. ಬಟ್ಟೆಯ ಮೇಲೆ ಅಂಗೈಯಲ್ಲಿ ಹಿಡಿಸುವ ಗೋಪುರ ಕಾಗದದ ಮೇಲೆ ಹಿಗ್ಗುತ್ತದೆ. 40 ಹೊಲಿಗೆ ಎತ್ತರದ ಗೋಪುರವನ್ನು 2.5 ಮಿಲಿಮೀಟರ್ ಅಂತರದಲ್ಲಿ ಚುಚ್ಚಿದರೆ 10 ಸೆಂಟಿಮೀಟರ್ ಆಗುತ್ತದೆ. ಎ4 ಹಾಳೆಯ ಅರ್ಧವನ್ನು ಮಡಿಸಿ ಮಾಡಿದ ಕಾರ್ಡಿನ ಮುಖಪುಟವೇ 14.8 ಸೆಂಟಿಮೀಟರ್ ಎತ್ತರ, 10.5 ಅಗಲ. ತೇರು, ಅಂಬಾರಿಗಳನ್ನು ಸೀರೆಗೇ ಬಿಟ್ಟು, ದೀಪ, ಚಿಕ್ಕಿ, ಪುಟ್ಟ ಆನೆ, ತುಳಸಿಕಟ್ಟೆಗಳನ್ನು ಆರಿಸಿಕೊಳ್ಳುವುದು ಜಾಣತನ. ಮುದ್ರಿತ ಸಂಕ್ರಾಂತಿ ಕಾರ್ಡುಗಳನ್ನು ಎಳ್ಳುಬೆಲ್ಲದ ಜೊತೆ ಕೊಡುತ್ತಿದ್ದ, ಅಂಚೆಯಲ್ಲಿ ಕಳಿಸುತ್ತಿದ್ದ ರೂಢಿ ಫೋನಿನ ಸಂದೇಶಗಳ ಮುಂದೆ ಕ್ಷೀಣಿಸಿದೆ. ಅಚ್ಚಿನ ಕಾರ್ಡು ಸೋತ ಆ ಜಾಗ ಕೈಯಾರೆ ಹೊಲಿದ ಕಾರ್ಡಿಗೆ ಸಲ್ಲಬೇಕಾದದ್ದು. ನಮ್ಮ ಕಸೂತಿ ತರಬೇತಿಗಳಲ್ಲಿ ಕಾಗದಕ್ಕೂ ಒಂದು ಪಾಠ ಇರಬೇಕು.

ಬಾಳಿಕೆ ಮತ್ತು ಅಂಚೆ

ಕಾರ್ಡನ್ನು ಕೆಡಿಸುವುದು ಹೆಚ್ಚಾಗಿ ಅಂಟು. ದಾರದ ತುದಿಗೆ ಹಚ್ಚಿದ ಸೆಲ್ಲೋಟೇಪ್ ಕೆಲವೇ ವರ್ಷಗಳಲ್ಲಿ ಹಳದಿಯಾಗಿ ಕಾಗದಕ್ಕೆ ಕಲೆ ಹಿಡಿಸುತ್ತದೆ. ನೀರು ಹೆಚ್ಚಿರುವ ಅಂಟು ಹಚ್ಚಿದರೆ ಕೈಕಾಗದ ಅಲೆಅಲೆಯಾಗಿ ಸುಕ್ಕುಗಟ್ಟುತ್ತದೆ. ಹಿಂಬದಿ ಮುಚ್ಚುವ ಹಾಳೆಯನ್ನು ಅಂಚಿಗೆ ಮಾತ್ರ, ಆಮ್ಲವಿಲ್ಲದ ಎರಡುಬದಿ ಟೇಪಿನಿಂದ ಅಂಟಿಸಿದರೆ ಸಾಕು. ಬಿಸಿಲಿಗೆ ದಾರದ ಬಣ್ಣ ಮಾಸುತ್ತದೆ. ಗಂಜಿ ಹಿಡಿಸಿದ ಕಾಗದವೆಂದರೆ ಸಿಲ್ವರ್‌ಫಿಶ್ ಹುಳುವಿಗೆ ಇಷ್ಟ. ಕರಾವಳಿ, ಮಲೆನಾಡುಗಳ ಮಳೆಗಾಲದಲ್ಲಿ ಬೂಷ್ಟು ಹಿಡಿಯದಂತೆ ಬೆಚ್ಚಗೆ, ಒಣಗಿದ ಜಾಗದಲ್ಲಿ ಇಡಬೇಕು.

ಹೊಲಿದ ಕಾರ್ಡನ್ನು ಬಿಡಿಯಾಗಿ ಅಂಚೆಗೆ ಹಾಕಬಾರದು. ಮುದ್ರೆ ಒತ್ತುವಾಗ ಗಂಟುಗಳು ನಜ್ಜುಗುಜ್ಜಾಗುತ್ತವೆ, ದಾರ ಸಿಕ್ಕಿಕೊಳ್ಳುತ್ತದೆ. ಚದರ ಮೀಟರಿಗೆ 300 ಗ್ರಾಂ ತೂಗುವ ಕಾಗದದಲ್ಲಿ ಮೇಲಿನ ಅಳತೆಯ ಕಾರ್ಡು ಸುಮಾರು 9 ಗ್ರಾಂ ಇರುತ್ತದೆ. ಹಿಂಬದಿಯ ತೆಳು ಹಾಳೆ, ದಾರ, ಸಾಮಾನ್ಯ ಲಕೋಟೆ ಎಲ್ಲ ಸೇರಿದರೂ 17 ಗ್ರಾಂ ಮೀರುವುದಿಲ್ಲ. ಭಾರತೀಯ ಅಂಚೆಯಲ್ಲಿ ಸಾಮಾನ್ಯ ಪತ್ರದ ಮೊದಲ ದರ 20 ಗ್ರಾಂವರೆಗೆ ಅನ್ವಯಿಸುತ್ತದೆ.